ಹುಳುಕಡ್ಡಿ ಮಾತ್ರೆ ತಿಂದ ಹೂವಮ್ಮನ ಸೊಸೆ

ಮೊನ್ನೆ ಊಟಕ್ಕೆ ಕೂತಾಗ ಆದಿತ್ಯ ತನ್ನ ಫಾರ್ಮಸಿ ಕಾಲೇಜಿನ ಪ್ರಾಜೆಕ್ಟಿನ ವಿಷಯ ತೆಗೆದ. ನಾವು ತಿಂದ ಎ ವಿಟಮಿನ್ನಿನಿಂದ ದೇಹದೊಳಗೆ ಒಂದು ಆಮ್ಲ ತಯಾರಾಗುತ್ತದಂತೆ. ಅದು ಮಿತಿಮೀರದ ಹಾಗೆ ಒಡೆದುಹಾಕಲು ಒಂದು ಕಿಣ್ವ ಇದೆಯಂತೆ. ಆ ಕಿಣ್ವದ ಕೈ ಕಟ್ಟಿಹಾಕುವ ರಾಸಾಯನಿಕಗಳ ಬಗ್ಗೆ ಇವನು ಬರೆಯಬೇಕಂತೆ. "ಚರ್ಮದ ಕಾಯಿಲೆಗೆ ಇವನ್ನೇ ಔಷಧಿ ಮಾಡೋಕೆ ನೋಡಿದಾರೆ ಅಜ್ಜಿ. ಹುಳುಕಡ್ಡಿಗೆ ಕೊಡೋ ಕೆಲವು ಮಾತ್ರೆನೂ ಸ್ವಲ್ಪ ಮಟ್ಟಿಗೆ ಇದೇ ಕೆಲಸ ಮಾಡ್ತವೆ" ಎಂದ.

ನನ್ನ ಕೈಯಲ್ಲಿದ್ದ ತುತ್ತು ತಟ್ಟೆಗೇ ಇಳಿಯಿತು.

"ಎಂತ ಆಯ್ತಜ್ಜಿ, ಖಾರ ಜಾಸ್ತಿಯಾಯ್ತಾ?" ಎಂದು ಸಿಂಧು ನೀರು ಕೊಟ್ಟಳು. ಹೌದೆಂದು ತಲೆಯಾಡಿಸಿದೆ.

ಖಾರವಲ್ಲ ಮಕ್ಕಳೇ. ಪವಿತ್ರ ನೆನಪಾದಳು. ಎದುರು ಕೂತು ಹೇಳುವುದು ನನಗೆ ಬರುವುದಿಲ್ಲ, ಅದು ನಿಮಗೂ ಗೊತ್ತು. ಸಿಂಧು ಬರುವ ತಿಂಗಳು ನಾನು ಮಾಡಿದ ನರ್ಸ್ ಕೆಲಸಕ್ಕೇ ಸೇರುತ್ತಿದ್ದಾಳೆ. ಅವಳ ಓದು ದೊಡ್ಡದು, ನನ್ನದು ಹಳ್ಳಿ ಶಾಲೆಯದು. ಆದರೂ ಯಾರದೋ ಮನೆಯಂಗಳದಲ್ಲಿ ನಿಂತಾಗ ಆಗುವ ಹೆದರಿಕೆ ಇಬ್ಬರಿಗೂ ಒಂದೇ ಇರಬೇಕು. ಅದಕ್ಕೆ ಇದನ್ನು ಬರೆದಿಡುತ್ತಿದ್ದೇನೆ.

ನಿಮ್ಮಜ್ಜ ತೀರಿಕೊಂಡ ಮೇಲೆ ನಾನು ನರ್ಸ್ ತರಬೇತಿಗೆ ಸೇರಿದವಳು. ಮೊದಲು ತೀರ್ಥಹಳ್ಳಿ ಕಡೆ, ಆಮೇಲೆ ಹೊಸನಗರ, ಕೊನೆಗೆ ಸಾಗರದ ಹಿನ್ನೀರಿನ ಆಚೆ ಬ್ಯಾಕೋಡಿನ ಸುತ್ತಮುತ್ತ. ಎಲ್ಲಿ ಹೋದರೂ ಎ ವಿಟಮಿನ್ ಎಂದರೆ ನನಗೆ ಒಂದೇ: ಹಳದಿ ಎಣ್ಣೆಯಂಥ ಸಿರಪ್ಪಿನ ಬಾಟಲಿ, ಅದರ ಜೊತೆಗೇ ಬರುವ ಪ್ಲಾಸ್ಟಿಕ್ ಚಮಚ. ವರ್ಷದೊಳಗಿನ ಕೂಸಿಗೆ ಅರ್ಧ ಚಮಚ, ದೊಡ್ಡದಕ್ಕೆ ಪೂರ್ತಿ. ಇರುಳುಗುರುಡು ಬರಬಾರದು, ಕಣ್ಣು ಒಣಗಬಾರದು, ಅಷ್ಟೇ ನನ್ನ ತಲೆಯಲ್ಲಿದ್ದದ್ದು. ನಮ್ಮ ಭಯವೆಲ್ಲ ಅದು ಕಡಿಮೆಯಾದೀತು ಎಂಬುದು. ಹೆಚ್ಚಾದರೂ ಕಷ್ಟ ಎಂದು ತರಬೇತಿಯಲ್ಲಿ ಹೇಳಿದ್ದರು, ಅದಕ್ಕೇ ಚಮಚದ ಗೆರೆ ನೋಡಿ ಸುರಿಯುತ್ತಿದ್ದೆ. ಆದರೆ ಸಿರಪ್ಪು ಕುಡಿಸದೆಯೇ ಒಬ್ಬರ ದೇಹದೊಳಗೆ ಅದು ಹೆಚ್ಚಾಗಬಹುದು ಎಂಬುದು ನನ್ನ ಕಲ್ಪನೆಗೂ ಬಂದಿರಲಿಲ್ಲ.

ಮಂಡಗದ್ದೆಯ ಹತ್ತಿರದ ಒಂದು ಮನೆಯಲ್ಲಿ ಮೊಮ್ಮಗನಿಗೆ ಸಿರಪ್ಪು ಹಾಕಿಸಿಕೊಂಡ ಮುದುಕಿಯೊಬ್ಬಳು ತನ್ನ ಬಾಯನ್ನೂ ತೆರೆದು ನಿಂತಳು.

"ನಂಗೂ ಒಂದ್ ಚಮಚ ಹಾಕೇ ಮಗಾ. ಸಂಜಿ ಹೊತ್ತಿಗೆ ನಮ್ಮನಿ ಎಮ್ಮೆ ಯಾವ್ದು, ಪಕ್ಕದ್ಮನಿ ಎಮ್ಮೆ ಯಾವ್ದು ಗೊತ್ತಾಗಲ್ಲ."

"ಇದು ಮಕ್ಕಳಿಗೆ ಅಜ್ಜಿ. ನಿಮ್ಮ ಕಣ್ಣಿಗೆ ಪೊರೆ ಬಂದಿರಬಹುದು, ಡಾಕ್ಟರಿಗೆ ತೋರಿಸಿ."

"ಹಂಗಾದ್ರೆ ಪಕ್ಕದ್ಮನಿ ಎಮ್ಮೇನೇ ಹಿಂಡ್ತೀನಿ ಬಿಡು!"

ಆಗ ನನ್ನ ಮೇಲಧಿಕಾರಿ ಲೀಲಾವತಿ ಮೇಡಂ. ಹಿರಿಯ ಆರೋಗ್ಯ ಸಹಾಯಕಿ. ಗಟ್ಟಿ ಕಂಠ, ಗಟ್ಟಿ ನಡಿಗೆ. ನನ್ನ ಸಂಕೋಚ ಕಂಡರೆ ಅವರಿಗೆ ಆಗುತ್ತಿರಲಿಲ್ಲ. "ನಿನ್ನ ದನಿ ನಿನ್ನ ಸೆರಗಿಗೇ ಕೇಳಲ್ಲ ಕಣೇ, ಊರಿಗೆ ಎಲ್ಲಿ ಕೇಳ್ಬೇಕು" ಎಂದು ಹತ್ತು ಜನರೆದುರು ಅಂದುಬಿಡುತ್ತಿದ್ದರು. ನಾನು ಅತ್ತದ್ದೂ ಇದೆ. ಆದರೆ ಹೆಂಗಸರನ್ನು ಮಾತಾಡಿಸುವ ಬಗೆ ಕಲಿಸಿದವರು ಅವರೇ. ಹೊರಗಾದದ್ದು ಯಾವಾಗ, ಮುಟ್ಟು ನಿಂತಿದೆಯೇ ಎಂಬುದನ್ನು ಅತ್ತೆಯ ಎದುರು ಕೇಳಬಾರದು ಎನ್ನುತ್ತಿದ್ದರು. "ಅತ್ತೆ ಎದುರು ಕೇಳಿದ್ರೆ ಅತ್ತೆ ಉತ್ತರ ಸಿಗುತ್ತೆ. ನೀರು ಬೇಕು ಅಂತ ಹೇಳಿ ಸೊಸೆ ಹಿಂದೆ ಅಡುಗೆಮನೆಗೆ ಹೋಗು. ಅಲ್ಲಿ ಕೇಳು." ಬಾಯಾರದಿದ್ದರೂ ನಾನು ಕುಡಿದ ನೀರು ಎಷ್ಟೆಂದು ಹೇಳಲಾರೆ.

ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಹುಳುಕಡ್ಡಿ ಒಂದು ಕಾಯಿಲೆಯೇ ಅಲ್ಲ. ಮುಲಾಮು ಹಚ್ಚಿದರೆ ಹೋಗುತ್ತಿತ್ತು. ಆಮೇಲೆ ಪೇಟೆಯಿಂದ ಬೇರೆ ಟ್ಯೂಬುಗಳು ಬಂದವು. ಹಚ್ಚಿದ ಎರಡೇ ದಿನಕ್ಕೆ ತುರಿಕೆ ನಿಲ್ಲುತ್ತಿತ್ತು, ಬಿಟ್ಟ ಕೂಡಲೇ ದುಪ್ಪಟ್ಟಾಗಿ ಏಳುತ್ತಿತ್ತು. ಅವುಗಳಲ್ಲಿ ಸ್ಟಿರಾಯ್ಡ್ ಬೆರೆಸಿರುತ್ತಾರೆ, ಅದರಿಂದಲೇ ರೋಗ ಬಲಿಯುವುದು ಎಂದು ನಮಗೆ ತಿಳಿಯುವ ಹೊತ್ತಿಗೆ ಮನೆಮನೆಯಲ್ಲೂ ಸೊಂಟದ ಸುತ್ತ, ತೊಡೆಯ ಸಂದಿಯಲ್ಲಿ ಕಪ್ಪು ಉಂಗುರಗಳು. ಮುಲಾಮಿಗೆ ಬಗ್ಗದ ಮೇಲೆ ಮಾತ್ರೆ. ಒಬ್ಬರಿಗೆ ಬರೆದುಕೊಟ್ಟ ಚೀಟಿ ತೋರಿಸಿ ಮನೆಮಂದಿಗೆಲ್ಲ ಮಾತ್ರೆ ತರುವುದು ವಾಡಿಕೆಯಾಯಿತು. ಒಂದೇ ಸೋಪು, ಒಂದೇ ಟವೆಲು, ಹಾಗೇ ಒಂದೇ ಮಾತ್ರೆ ಚೀಟಿ. ಅದರಲ್ಲಿ ತಪ್ಪೇನೆಂದು ಯಾರಿಗೂ ಅನಿಸುತ್ತಿರಲಿಲ್ಲ.

ಹೂವಮ್ಮನ ಮನೆಗೆ ನಾನು ಹೋದದ್ದು ಬ್ಯಾಕೋಡಿನ ಕಡೆ ಇದ್ದಾಗ, ಒಂದು ಬೇಸಿಗೆಯಲ್ಲಿ, ಮಂಗನ ಕಾಯಿಲೆಯ ಉಣುಗು ಕಚ್ಚದ ಹಾಗೆ ಹಚ್ಚುವ ಎಣ್ಣೆ ಹಂಚಲು. ಅವಳ ಮಗ ಲೋಕೇಶ ಹಿನ್ನೀರಿನಲ್ಲಿ ಬಲೆ ಬಿಟ್ಟು ಮೀನು ಹಿಡಿಯುವವನು. ದಿನವಿಡೀ ಒದ್ದೆ ಲುಂಗಿ. ಹುಳುಕಡ್ಡಿ ಆ ಮನೆಗೆ ಬಂದದ್ದು ಅವನಿಂದ, ಅವನಿಂದ ಹೂವಮ್ಮನಿಗೆ, ಸೊಸೆ ಪವಿತ್ರಳಿಗೆ. ಪವಿತ್ರ ಹೊಸನಗರ ಕಡೆಯ ಹುಡುಗಿ. ಹಿಂದಿನ ವರ್ಷ ಬಸಿರಾಗಿ, ಊರಿಗೆಲ್ಲ ಸಿಹಿ ಹಂಚಿದ ಮೇಲೆ ಬಸಿರು ಇಳಿದುಹೋಗಿತ್ತು.

ಹೂವಮ್ಮ ಜಗಲಿಯಲ್ಲಿ ಕೂತು ತೋಳು ಚಾಚಿದಳು. "ನೋಡಿ ಸಿಸ್ಟ್ರೇ, ಒಂದು ಕಲೆ ಐತಾ? ಡಾಕ್ಟ್ರು ವಾರಕ್ಕೊಂದು ಮಾತ್ರೆ ಅಂತ ಬರ್ದಿದ್ರು. ವಾರಕ್ಕೊಂದು ಮಾತ್ರೆಗೆ ಹೆದ್ರೋ ಕಜ್ಜಿಯಾ ಇದು? ದಿನಕ್ಕೊಂದು ನುಂಗಿದೆ. ಮಗಂಗೂ ನುಂಗ್ಸಿದೆ. ಇವ್ಳಿಗೂ ನಾನೇ ಎದ್ರಿಗೆ ನಿಂತು ನುಂಗ್ಸಿದೀನಿ. ಈಗಿನ ಹುಡುಗೀರು, ಬಿಟ್ರೆ ಬಿಸಾಕ್ತಾರೆ."

ಒಲೆಯ ಮೇಲೆ ಮೀನುಸಾರು ಕುದಿಯುತ್ತಿತ್ತು. ಪವಿತ್ರ ಬಾಗಿಲ ಸಂದಿಯಲ್ಲಿ ನಿಂತು ಸೆರಗಿನಿಂದ ಮೂಗು ಮುಚ್ಚಿಕೊಂಡಿದ್ದಳು. ಮೀನು ಹಿಡಿಯುವವನ ಹೆಂಡತಿ ಮೀನಿನ ವಾಸನೆಗೆ ಮೂಗು ಮುಚ್ಚುವುದೇ? ಆ ಮಾತ್ರೆ ಬಸುರಿಯರಿಗೆ ಆಗುವುದಿಲ್ಲ ಎಂಬುದಷ್ಟೇ ನನಗೆ ಗೊತ್ತಿದ್ದದ್ದು. ಯಾಕೆ ಎಂಬುದು ಗೊತ್ತಿರಲಿಲ್ಲ.

"ಸ್ವಲ್ಪ ನೀರು ಕೊಡ್ತೀಯೇನಮ್ಮ" ಎಂದು ಎದ್ದೆ.

ಅಡುಗೆಮನೆಯಲ್ಲಿ ಕೇಳಿದೆ. ಅವಳು ಚೊಂಬನ್ನು ಕೈಯಲ್ಲೇ ಹಿಡಿದು ನಿಂತಳು. ಮೂರನೇ ತಿಂಗಳು ನಡೆಯುತ್ತಿತ್ತು. ಗಂಡನಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ. ಹೋದ ಸಲ ಬೇಗ ಹೇಳಿದ್ದಕ್ಕೇ ಕಣ್ಣು ಬಿದ್ದಿತು ಎಂದು ಊರೆಲ್ಲ ಅಂದಿದ್ದರು. ಮೂರು ತುಂಬಿದ ಮೇಲೆ ಹೇಳೋಣ ಎಂದು ಗಂಡಹೆಂಡಿರು ಮಾತಾಡಿಕೊಂಡಿದ್ದರು.

"ಮತ್ತೆ ಮಾತ್ರೆ ಯಾಕೆ ತಿಂದೆ ಮಗಾ? ಬೇಡ ಅನ್ಬಾರ್ದಾ?"

"ಬೇಡ ಅಂದ್ರೆ ಯಾಕೆ ಅಂತ ಕೇಳ್ತಾರಲ್ಲ ಸಿಸ್ಟರ್. ಎಂತ ಹೇಳ್ಲಿ? ಚರ್ಮದ ಮಾತ್ರೆ ತಾನೇ, ಹೊಟ್ಟೆಗೆ ಎಂತ ಮಾಡ್ತದೆ ಅಂದ್ಕೊಂಡೆ." ಆಮೇಲೆ ನನ್ನ ಮುಖ ನೋಡಿದಳು. "ಎಂತಾರೂ ಮಾಡ್ತದಾ?"

ಸಿಂಧು, ಇಂಥ ಹೊತ್ತಿನಲ್ಲಿ ಏನೂ ಆಗಲ್ಲ ಬಿಡು ಎನ್ನುವ ಮಾತು ನಾಲಗೆಯ ತುದಿಗೇ ಬಂದು ಕೂರುತ್ತದೆ. ಅದನ್ನು ನುಂಗಬೇಕು. "ನಂಗೆ ಗೊತ್ತಿಲ್ಲ. ಇವತ್ತಿಂದ ಮಾತ್ರೆ ಬಾಯಿಗೆ ಹಾಕ್ಬೇಡ. ನಾಳೆ ಸಾಗರಕ್ಕೆ ಹೋಗಿ ಡಾಕ್ಟರನ್ನ ಕೇಳೋಣ" ಎಂದೆ.

"ಅತ್ತೆಗೆ ಹೇಳ್ಬೇಡಿ" ಎಂದು ನನ್ನ ಮುಂಗೈ ಹಿಡಿದಳು. ಅವಳ ಬೆರಳು ತಣ್ಣಗಿದ್ದವು.

ರಕ್ತ ಕಡಿಮೆ ಕಾಣುತ್ತದೆ, ಪರೀಕ್ಷೆ ಮಾಡಿಸಬೇಕು ಎಂದು ಹೂವಮ್ಮನಿಗೆ ಹೇಳಿದೆ. ಕಣ್ಣಿನ ರೆಪ್ಪೆ ಎಳೆದು ನೋಡಿದರೆ ಅದು ಸುಳ್ಳೂ ಆಗಿರಲಿಲ್ಲ. ಮರುದಿನ ಲಾಂಚಿನ ಹತ್ತಿರ ಹೋದರೆ ಪವಿತ್ರಳ ಪಕ್ಕದಲ್ಲಿ ಹೂವಮ್ಮನೂ ಕೊಡೆ ಹಿಡಿದು ನಿಂತಿದ್ದಳು. ಆಗ ಸೇತುವೆ ಇರಲಿಲ್ಲ, ಹಿನ್ನೀರು ದಾಟಲು ಲಾಂಚೇ ಗತಿ. "ನಾನೂ ಬತ್ತೀನಿ. ನನ್ ಸೊಸೆ ರಕ್ತ ಯಾರು ಕುಡಿದ್ರು ನೋಡ್ಬೇಕಲ್ಲ" ಎಂದು ನಕ್ಕಳು. "ಅತ್ತೇನೇ ಕುಡಿದಿರ್ಬೇಕು" ಎಂದು ಲಾಂಚಿನಲ್ಲಿ ಯಾರೋ ಅಂದರು. ಎಲ್ಲರೂ ನಕ್ಕರು. ಪವಿತ್ರ ನೀರನ್ನೇ ನೋಡುತ್ತಿದ್ದಳು. ನನಗೆ ಆ ದಡ ಬರುವುದೇ ಇಲ್ಲವೇನೋ ಅನಿಸಿತ್ತು.

ಸಾಗರದಲ್ಲಿ ಹೆರಿಗೆ ಡಾಕ್ಟರು ಹೆಂಗಸು, ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವರು. ಪವಿತ್ರಳನ್ನು ಒಳಗೆ ಕರೆದು, ನನ್ನನ್ನೂ ಕೂರಿಸಿಕೊಂಡು, ಮಾತ್ರೆಯ ಖಾಲಿ ಹಾಳೆ ತಿರುಗಿಸಿ ನೋಡಿದರು. ಫ್ಲುಕೊನಜೋಲ್. ಯಾವಾಗಿಂದ, ದಿನಕ್ಕೆಷ್ಟು, ನಡುವೆ ಬಿಟ್ಟದ್ದುಂಟೇ ಎಂದು ಕೇಳಿದರು. ಗದರಲಿಲ್ಲ. ಆಮೇಲೆ, "ಮನೆಯಲ್ಲಿ ಗೊತ್ತಾಗದೆ ಇದನ್ನ ನೀನೊಬ್ಬಳೇ ಹೊರೋಕೆ ಆಗಲ್ಲಮ್ಮ. ಅತ್ತೆನ ಕರೀಲಾ? ನೀನು ಹೂಂ ಅಂದ್ರೆ ಮಾತ್ರ" ಎಂದರು. ಪವಿತ್ರ ಹೂಂ ಎಂದಳು.

ಹೂವಮ್ಮ ಒಳಗೆ ಬಂದಳು. ಬಸಿರು ಎಂಬ ಮಾತು ಕೇಳಿದ ಕೂಡಲೇ ಮುಖ ಅರಳಿತು. "ಅಯ್ಯೋ ಕಳ್ಳಿ, ನನ್ನತ್ರ ಮುಚ್ಚಿಟ್ಯಾ!" ಎಂದು ಸೊಸೆಯ ಗಲ್ಲ ಹಿಡಿದಳು. ಆ ನಗು ಇನ್ನೂ ಮುಖದ ಮೇಲಿರುವಾಗಲೇ ಡಾಕ್ಟರು ಮಾತ್ರೆಯ ಹಾಳೆ ಎತ್ತಿ ತೋರಿಸಿದರು.

"ಅಮ್ಮಾ, ಲಿಂಗನಮಕ್ಕಿ ಡ್ಯಾಮಿನ ಗೇಟು ಕೆಟ್ಟು ತೆಗೆಯೋಕೆ ಬರದಿದ್ರೆ ನಿಮ್ಮ ಕಡೆ ಎಂತ ಆಗುತ್ತೆ?"

"ಎಂತ ಆಗ್ತದೆ, ಹಿನ್ನೀರು ಏರಿ ನಮ್ ಗದ್ದೆಗೆ ಬತ್ತದೆ."

"ಮಳೆ ಜಾಸ್ತಿ ಬರ್ಬೇಕಂತಿಲ್ಲ ಅಲ್ವಾ? ಹಂಗೇ ಇದು. ಮಗು ಬೆಳೆಯೋಕೆ ಎ ವಿಟಮಿನ್ನಿಂದ ಆಗೋ ಒಂದು ಆಮ್ಲ ಬೇಕು. ಮುಖ ಎಲ್ಲಿ, ಮೂಳೆ ಎಲ್ಲಿ ಅಂತ ಅದೇ ಗುರುತು ಹಾಕಿಕೊಡೋದು. ಆದ್ರೆ ಅದು ಅಳತೆಯಲ್ಲಿರ್ಬೇಕು. ಹೆಚ್ಚಾದದ್ದನ್ನ ಬಿಡೋಕೆ ದೇಹದಲ್ಲಿ ಒಂದು ಗೇಟಿದೆ. ಈ ಜಾತಿಯ ಮಾತ್ರೆಗಳು ಆ ಗೇಟಿಗೆ ಅಡ್ಡ ನಿಲ್ಲಬಹುದು."

"ಹಂಗಾದ್ರೆ ಮಗೀಗೆ..."

"ಬಹಳ ಹೆಚ್ಚಿನ ಪ್ರಮಾಣದಲ್ಲಿ ಬಹಳ ದಿನ ತಿಂದವರಲ್ಲಿ ಕೆಲವರ ಮಕ್ಕಳಿಗೆ ಮುಖ, ಅಂಗುಳು, ಮೂಳೆಯಲ್ಲಿ ದೋಷ ಕಂಡಿದೆ. ಅದಕ್ಕೆ ಈ ಗೇಟೇ ಕಾರಣ ಅಂತ ಅಂದಾಜು, ಇನ್ನೂ ಪೂರ್ತಿ ಗೊತ್ತಿಲ್ಲ. ಇವಳು ತಿಂದದ್ದು ಅಷ್ಟಿಲ್ಲ. ಮಗು ಚೆನ್ನಾಗಿರೋ ಸಾಧ್ಯತೆಯೇ ಹೆಚ್ಚು. ಆದ್ರೆ ಏನೂ ಆಗಿಲ್ಲ ಅಂತ ಇವತ್ತು ನಾನು ಮಾತು ಕೊಡಲಾರೆ."

ಹೂವಮ್ಮ ಅಲ್ಲೇ ನೆಲಕ್ಕೆ ಕೂತಳು. "ನಾನೇ ಎದ್ರಿಗೆ ನಿಂತು ನುಂಗ್ಸಿದ್ನಲ್ಲೇ" ಎಂದಳು. ಮತ್ತೆ ಮತ್ತೆ ಅದೇ ಮಾತು. ಸ್ವಲ್ಪ ಹೊತ್ತಿಗೆ ಕಣ್ಣೊರೆಸಿಕೊಂಡು, "ಡಾಕ್ಟ್ರಮ್ಮಾ, ಹಂಗಿದ್ರೆ ಈಗ್ಲೇ ತೆಗ್ಸಿಬಿಡಿ. ವಯಸ್ಸೈತೆ, ಇನ್ನೊಂದಾಗ್ತದೆ. ಹುಟ್ಟಿದ್ಮೇಲೆ ಆ ಮುಖ ನೋಡ್ಕಂಡು ನಾ ಹೆಂಗೆ ಬದುಕ್ಲಿ?" ಎಂದಳು.

ನಾನು ಅಡುಗೆಮನೆಗೆ ಹೋಗಿ ನೀರು ಕೇಳದಿದ್ದರೆ ಈ ಮಾತು ಹುಟ್ಟುತ್ತಲೇ ಇರಲಿಲ್ಲ. ಕೇಳಿ ಒಳ್ಳೆಯದು ಮಾಡಿದೆನೋ, ಒಂದು ಜೀವಕ್ಕೆ ಕುತ್ತು ತಂದೆನೋ ತಿಳಿಯಲಿಲ್ಲ.

ಪವಿತ್ರ ಅಳಲಿಲ್ಲ. ಡಾಕ್ಟರನ್ನೇ ನೋಡಿ ಕೇಳಿದಳು. "ಅದರ ಮುಖ ಈಗ ಆಗಿ ಮುಗಿದಿದ್ಯಾ ಮೇಡಂ?"

"ಬಹುಪಾಲು ಆಗಿರುತ್ತೆ. ಐದನೇ ತಿಂಗಳ ಸ್ಕ್ಯಾನಿನಲ್ಲಿ ನೋಡಬಹುದು."

"ಹಂಗಾದ್ರೆ ಮುಖ ನೋಡೇ ತೀರ್ಮಾನ ಮಾಡ್ತೀನಿ. ನೋಡ್ದೇ ಬೇಡ ಅನ್ನಲ್ಲ."

ಡಾಕ್ಟರು ತೀರ್ಮಾನಕ್ಕೆ ಅವಸರವಿಲ್ಲ ಎಂದರು. ಹುಳುಕಡ್ಡಿಗೆ ಬಸುರಿಯರಿಗೆ ಆಗುವ ಮುಲಾಮು ಬರೆದುಕೊಟ್ಟರು.

ಆಮೇಲಿನ ತಿಂಗಳುಗಳನ್ನು ಹೇಗೆ ಕಳೆದೆನೋ. ಯಾವ ಮನೆಗೆ ಹೋದರೂ ಮಕ್ಕಳ ತುಟಿ ನೋಡುತ್ತಿದ್ದೆ. ಸಿರಪ್ಪಿನ ಬಾಟಲಿ ತೆರೆದರೆ ಕೈ ತಡೆಯುತ್ತಿತ್ತು. ಚಮಚದ ಅಳತೆ ಸರಿಯಾಗಿದ್ದರೂ ಬೆಳಕಿಗೆ ಹಿಡಿದು ಇನ್ನೊಮ್ಮೆ ನೋಡುತ್ತಿದ್ದೆ. "ಎಂತ ಸಿಸ್ಟ್ರೇ, ಬಂಗಾರ ತೂಗ್ತಿದೀರಾ?" ಎಂದು ತಾಯಂದಿರು ನಗುತ್ತಿದ್ದರು. ಹುಳುಕಡ್ಡಿ ಇದ್ದ ಮನೆಗಳಲ್ಲೆಲ್ಲ ನೀರು ಕೇಳಿದೆ. ಮಾತ್ರೆ ತಿನ್ನುವ ಸೊಸೆಯರು, ಹೆಣ್ಣುಮಕ್ಕಳು ಇದ್ದರು, ಆದರೆ ಬಸುರಿಯರು ಸಿಗಲಿಲ್ಲ. ಸಿಗದಿದ್ದಾಗಲೂ ನೆಮ್ಮದಿಯಾಗಲಿಲ್ಲ, ನನಗೆ ನಿಜ ಹೇಳಿದರೋ ಇಲ್ಲವೋ ಎಂದೇ ಅನುಮಾನ.

ಹೂವಮ್ಮ ಮನೆಯಲ್ಲಿದ್ದ ಮಾತ್ರೆಗಳನ್ನೆಲ್ಲ ಸುಟ್ಟುಹಾಕಿದ್ದಳು. ಅವಳ ತೋಳಿನ ಉಂಗುರಗಳು ಮತ್ತೆ ಎದ್ದಿದ್ದವು. ವಾರಕ್ಕೊಂದು ನೀವು ತಿನ್ನಬಹುದು, ನಿಮಗೇನೂ ತೊಂದರೆಯಿಲ್ಲ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. "ಕೂಸು ಬರೋತನ್ಕ ತುರ್ಸಿಕೊಳ್ತೀನಿ ಬಿಡಿ. ನಂಗೆ ಇಷ್ಟಾದ್ರೂ ಆಗ್ಬೇಕು" ಎಂದಳು. ಆದರೆ ನಾನು ಹೇಳಿದ ಇನ್ನೊಂದು ಮಾತನ್ನು ಬಿಗಿಯಾಗಿ ಹಿಡಿದಳು. ಒಬ್ಬೊಬ್ಬರಿಗೆ ಬೇರೆ ಟವೆಲು, ಮೈಬಟ್ಟೆಗೆಲ್ಲ ಕುದಿನೀರು, ಬಿಸಿಲು. ಲೋಕೇಶ ಒದ್ದೆ ಲುಂಗಿಯಲ್ಲಿ ಹೊಸಿಲು ದಾಟಿದರೆ ಸೌದೆ ಎತ್ತಿ ಅಟ್ಟಿಸುತ್ತಿದ್ದಳಂತೆ. ಅವನು ನನ್ನ ಹತ್ತಿರ ದೂರಿದ: "ಸಿಸ್ಟರ್, ನಮ್ಮನೇಲಿ ಈಗ ಮೀನಿಗಿಂತ ಜಾಸ್ತಿ ಲುಂಗಿ ಬೇಯ್ತವೆ."

ಐದನೇ ತಿಂಗಳ ಸ್ಕ್ಯಾನಿಗೆ ಶಿವಮೊಗ್ಗಕ್ಕೆ ಹೋದರು. ನಾನು ಹೋಗಲಿಲ್ಲ, ಲಸಿಕೆಯ ದಿನವಾಗಿತ್ತು. ಮಧ್ಯಾಹ್ನ ಪವಿತ್ರಳ ಫೋನು ಬಂತು. ತುಟಿ ಸರಿಯಿದೆ. ಕೈಕಾಲಿನ ಮೂಳೆ, ತಲೆ, ಹೃದಯ ಸರಿಯಿದೆ. ನಾನು ಕುರ್ಚಿಗೆ ಒರಗಿದೆ. ಅಷ್ಟರಲ್ಲಿ ಅವಳೇ ಅಂದಳು, "ಅಂಗುಳಿನ ಹಿಂಭಾಗ ಮಾತ್ರ ಸ್ಕ್ಯಾನಿನಲ್ಲಿ ಸರಿಯಾಗಿ ಕಾಣಲ್ವಂತೆ. ಅಲ್ಲಿ ಸೀಳಿದ್ರೆ ಹುಟ್ಟಿದ್ಮೇಲೇ ಗೊತ್ತಾಗೋದಂತೆ."

"ಮತ್ತೆ ನೀನು ಎಂತ ಹೇಳ್ದೆ?"

"ಮುಖ ನೋಡಿದ್ನಲ್ಲ ಸಿಸ್ಟರ್. ಬಾಯಿ ತೆಗ್ದು ಆಕಳಿಸ್ತಿತ್ತು. ಇನ್ನೆಂತ ತೀರ್ಮಾನ. ಸೀಳಿದ್ರೆ ಹೊಲಿಸ್ತೀನಿ."

ಅವಳ ದನಿಯಲ್ಲಿ ನಡುಕವಿರಲಿಲ್ಲ. ನಡುಕವೆಲ್ಲ ನನಗೇ ಉಳಿಯಿತು. ಅಂಗುಳು ಸೀಳಿದ ಕೂಸು ಹೊಸನಗರದಲ್ಲಿದ್ದಾಗ ಒಂದನ್ನು ನೋಡಿದ್ದೆ. ಹಾಲು ಎಳೆಯಲಾಗದೆ, ಕುಡಿಸಿದ್ದು ಮೂಗಿನಿಂದ ಬರುತ್ತಿತ್ತು. ಹೊಲಿಸಿದ ಮೇಲೆ ಚೆನ್ನಾಗಿ ಬೆಳೆಯಿತು, ಈಗ ಬಸ್ಸಿನಲ್ಲಿ ಟಿಕೆಟ್ ಕೊಡುತ್ತಾನೆ. ಆದರೆ ನನಗೆ ನೆನಪಾಗುತ್ತಿದ್ದದ್ದು ಆ ಮೂಗಿನ ಹಾಲೇ.

ನಾನು ನಿವೃತ್ತಿಯಾಗುವುದಕ್ಕೆ ಸ್ವಲ್ಪ ಮೊದಲು ಪವಿತ್ರಳಿಗೆ ನೋವು ಬಂತು. ಬೆಳಗಿನ ಲಾಂಚಿನಲ್ಲೇ ದಾಟಿಸಿ ಸಾಗರಕ್ಕೆ ಕರೆದುಕೊಂಡು ಹೋದೆವು. ಮಧ್ಯಾಹ್ನದ ಹೊತ್ತಿಗೆ ಹೆಣ್ಣು ಹುಟ್ಟಿತು. ಒಳಗೆ ಪವಿತ್ರಳಿಗೆ ಹೊಲಿಗೆ ಹಾಕುತ್ತಿದ್ದರು. ಮಕ್ಕಳ ಡಾಕ್ಟರು ಬೇರೆ ವಾರ್ಡಿನಿಂದ ಬರಬೇಕಿತ್ತು. ಕೂಸನ್ನು ಒರೆಸಿ ಬಟ್ಟೆ ಸುತ್ತಿ ಹೊರಗೆ ತಂದ ನರ್ಸು ಹೂವಮ್ಮನತ್ತ ಚಾಚಿದಳು.

ಹೂವಮ್ಮ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. "ನಂಗೆ ಬೇಡ. ಸಿಸ್ಟರ್ ನೋಡ್ಲಿ ಮೊದ್ಲು."

"ಅಜ್ಜಿಯಾಗಿ ಹಿಂಗಂತೀರಲ್ಲ, ಹೆಣ್ಣಾಯ್ತು ಅಂತಾನಾ?" ಎಂದು ನರ್ಸಿಗೆ ಸಿಟ್ಟು ಬಂತು.

"ಹೆಣ್ಣಾದ್ರೆಂತ, ಗಂಡಾದ್ರೆಂತ! ಅದ್ರ ಬಾಯಿ ನೋಡಿ ಅಂತಿದೀನಿ" ಎಂದು ಹೂವಮ್ಮ ಗೋಡೆಯ ಕಡೆ ತಿರುಗಿ ನಿಂತಳು.

ನರ್ಸಿಗೆ ವಿಷಯ ಹೇಳಿದೆ. ಅವಳು ಗ್ಲೋವ್ಸ್ ತಂದುಕೊಟ್ಟಳು. ಕಿಟಕಿಯ ಹತ್ತಿರ ಹೋಗಿ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡೆ. ಅದು ಕಣ್ಣು ಮುಚ್ಚಿತ್ತು, ತುಟಿ ಅಲುಗುತ್ತಿತ್ತು. ಕಿರುಬೆರಳನ್ನು ಮೆಲ್ಲಗೆ ಬಾಯೊಳಗೆ ಹಾಕಿದೆ. ಒಸಡು. ಅದರ ಹಿಂದೆ ಗಟ್ಟಿ ಅಂಗುಳು, ಒಂದೇ ಸಮ. ಉಸಿರು ಹಿಡಿದು ಇನ್ನೂ ಹಿಂದಕ್ಕೆ ಸರಿಸಿದೆ. ಮೆತ್ತನೆಯ ಭಾಗ ಶುರುವಾಯಿತು. ಎಲ್ಲಿ ಬೆರಳು ಜಾರಿ ಖಾಲಿಗೆ ಬೀಳುತ್ತದೋ ಎಂದು ಕಾಯುತ್ತ ಅತ್ತ ಇತ್ತ ಸವರಿದೆ. ಬೀಳಲಿಲ್ಲ. ಕೂಸು ನಾಲಗೆಯಿಂದ ನನ್ನ ಬೆರಳನ್ನು ಅಂಗುಳಿಗೆ ಒತ್ತಿಕೊಂಡು ಚೀಪತೊಡಗಿತು. ಎಂಥ ಜೋರು!

ಹಿಂದಿನಿಂದ ಹೂವಮ್ಮನ ದನಿ ಬಂತು, ಇನ್ನೂ ಗೋಡೆಗೇ ಮುಖ ಮಾಡಿ. "ಎಂತ ಸಿಸ್ಟ್ರೇ, ಸುಮ್ನಾದ್ರಿ? ಇದ್ದದ್ದು ಹೇಳಿಬಿಡಿ."

"ನಿಮ್ಮ ಮೊಮ್ಮಗಳು ನನ್ನ ಬೆರಳು ಬಿಡ್ತಿಲ್ಲ ಹೂವಮ್ಮ" ಎಂದೆ. "ಬಂದು ಬಿಡಿಸ್ಕೊಳ್ಳಿ."